ಕಿಟಕಿ ಇರುವ ಮನೆ

ನೆಲದಡಿಯ ನಮ್ಮ ಬೀದಿಯಲ್ಲಿ ಕಿಟಕಿ ಇರುವ ಮನೆ ಒಂದೇ. ಮಣಿಕಟ್ಟಿಗೆ ಕಟ್ಟಿದ ಕೈಪಟ್ಟಿಯಲ್ಲಿ ಒಳ್ಳೆಯ ಗುಣಕ್ಕೆ ಅತಿ ಹೆಚ್ಚು ಅಂಕ ಇರುವವರಿಗೆ ಅದು ಒಂದು ತಿಂಗಳು ಸಿಗುತ್ತದೆ. ಈ ಸಲ ಪಂಕಜಾಕ್ಷಿಗೆ ಸಿಕ್ಕಿತು. ಅವಳ ಅಂಕ ಮೈನಸ್ ಎರಡು.

ತಪ್ಪು ನನ್ನದೇ. ಅಂಕಗಳನ್ನು ಹೋಲಿಸುವ ಯಂತ್ರಕ್ಕೆ ಆದೇಶ ಬರೆದವಳು ನಾನು. ಯಾರೂ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲವೆಂದು ನಂಬಿ, ಚಿಹ್ನೆ ಲೆಕ್ಕಿಸದೆ ಹೋಲಿಸು ಎಂದು ಬರೆದಿದ್ದೆ. ಆಗ ಯಂತ್ರ ಮೈನಸ್ ಗುರುತನ್ನೂ ಸಂಖ್ಯೆಯೊಳಗೇ ಸೇರಿಸಿ ಓದುತ್ತದೆ. ಸೊನ್ನೆಯಿಂದ ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿದ ಮೀಟರು 9999 ತೋರಿಸುವ ಹಾಗೆ, ಅದಕ್ಕೆ ಮೈನಸ್ ಒಂದೇ ಎಲ್ಲಕ್ಕಿಂತ ದೊಡ್ಡದು, ಮೈನಸ್ ಎರಡು ಅದರ ನಂತರದ್ದು.

“ಬನ್ರೀ ಮಾಲಿನಿ, ಬಿಸಿಲಲ್ಲಿ ಹಪ್ಪಳ ಹಾಕಿದೀನಿ. ನಿಮ್ಮನೇಲಿ ಇನ್ನೂ ಬಲ್ಬ್ ಕೆಳಗೇನಾ ಒಣಗಿಸೋದು?” ಎಂದಳು ಪಂಕಜಾಕ್ಷಿ.

ಪ್ರತಿ ಹೊಟ್ಟೆಕಿಚ್ಚಿಗೂ, ಇನ್ನೊಬ್ಬರು ಕೆಳಗಿದ್ದಾರೆಂದು ಪಟ್ಟ ಪ್ರತಿ ಖುಷಿಗೂ ಒಂದು ಅಂಕ ಕಡಿತ. ಅವಳ ಕಿಟಕಿ ನೋಡಿ ನೋಡಿ, ಇಪ್ಪತ್ತಿದ್ದ ನನ್ನ ಅಂಕ ತಿಂಗಳ ಕೊನೆಗೆ ಮೈನಸ್ ಒಂದಕ್ಕೆ ಇಳಿಯಿತು. ಸುಮ್ಮನಿದ್ದರೆ ನಾಳೆ ಕಿಟಕಿ ನನಗೇ.

ಯಂತ್ರಕ್ಕೆ ಆದೇಶ ಬರೆಯಲು ಕಲಿತ ಸಂಜೆ ತರಗತಿಯ ನೋಟ್ಸನ್ನು ಮೂರು ಸಲ ನೋಡಿ, ಆದೇಶದ ಆ ಸಾಲನ್ನು ತಿದ್ದಿದೆ. ಕಿಟಕಿ ಮೂಲೆಮನೆ ಮೇಷ್ಟ್ರಿಗೆ ಹೋಯಿತು. ಅಂಕಗಳ ಪಟ್ಟಿಯ ತಳದಲ್ಲಿ ಪಂಕಜಾಕ್ಷಿ, ಅವಳ ಮೇಲೆ ನಾನು. ಅವಳಿಗಿಂತ ಮೇಲಿದ್ದೇನಲ್ಲ ಎಂದು ಖುಷಿಯಾಯಿತು.

ಕೈಪಟ್ಟಿ ಮಿಡಿಯಿತು. ಮೈನಸ್ ಎರಡು.