ಸ್ಟ್ರೇಂಜ್ ಬೇರೆ, ಎಕ್ಸಾಟಿಕ್ ಬೇರೆ

ಮೇಷ್ಟ್ರು ಮತ್ತೆ ಕನ್ನಡಿಯ ಮುಂದೆ ನಿಂತಿದ್ದರು. ಕನ್ನಡಿ ಹೊಸದು, ಆಳೆತ್ತರದ್ದು. ಇಷ್ಟು ವರ್ಷ ಆ ಮನೆಯಲ್ಲಿ ಇದ್ದದ್ದು ಅಂಗೈಯಗಲದ ಒಂದೇ ಕನ್ನಡಿ, ಅದೂ ಹೆಂಡತಿಯದು. ಈಗ ನೋಡಿದರೆ ಐವತ್ತರ ಅಂಚಿನಲ್ಲಿ ಈ ಮನುಷ್ಯನಿಗೆ ಕಿತ್ತಳೆ ಬಣ್ಣದ ಅಂಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೈತಲೆ.

“ರೀ, ಆ ಬೂದು ಅಂಗಿಗೇನಾಗಿತ್ತು?” ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

“ಯಾಕೆ, ಇದು ಚೆನ್ನಾಗಿಲ್ವಾ?” ಎನ್ನುತ್ತ ಅವಳತ್ತ ತಿರುಗಿದವರು ತಟ್ಟನೆ ಕಣ್ಣು ಮುಚ್ಚಿಕೊಂಡರು. ಇದೊಂದು ಹೊಸ ಚಾಳಿ. ಅವಳು ಬಾಯಿ ತೆರೆದರೆ ಸಾಕು, ಇವರು ಕಣ್ಣು ಮುಚ್ಚುತ್ತಿದ್ದರು. ಕಟ್ಟಿಕೊಂಡವಳ ಮುಖ ನೋಡುವುದಕ್ಕೂ ಬೇಸರವೇ?

ಎಲ್ಲ ಶುರುವಾದದ್ದು ಆಸ್ಪತ್ರೆಯಿಂದ. ಅಲ್ಲೊಬ್ಬಳು ನರ್ಸ್ ಇದ್ದಳು. ಎಳೆಯ ವಯಸ್ಸು, ಗುಳಿಬೀಳುವ ಕೆನ್ನೆ. ಹೊರಡುವ ದಿನ ಹೆಂಡತಿ ಎದುರಿಗೇ ನಿಂತಿದ್ದರೂ ಮೇಷ್ಟ್ರು ಆ ನರ್ಸ್‌ ಕಡೆ ನೋಡಿ ನಕ್ಕಿದ್ದರು, ಕೈ ಕೂಡ ಚಾಚಿದ್ದರು! ಹೆಂಡತಿ “ರೀ” ಎಂದದ್ದೇ ತಡ, ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ.

ಮೊದಲೆಲ್ಲ ಅವಳ ಕೈ ಹಿಡಿಯದೆ ರಸ್ತೆ ದಾಟಿದವರಲ್ಲ. ಬೀದಿಯವರು ‘ಜೋಡಿಹಕ್ಕಿ’ ಎಂದು ರೇಗಿಸುತ್ತಿದ್ದರು. ಈಗ ಕೈ ಜೇಬಿನಲ್ಲಿ, ತಾವು ಮುಂದೆ ಮುಂದೆ. ಕಂಡಕಂಡವರ ಮೇಲೆಲ್ಲ ಕಣ್ಣು. ಅವರ ಇಂಗ್ಲಿಷ್ ಪುಸ್ತಕಗಳನ್ನು ಊಟವಾದ ಮೇಲೆ ಅವಳೇ ಗಟ್ಟಿಯಾಗಿ ಓದುವುದು ರೂಢಿ. ಓದಿ ಓದಿಯೇ ಅವಳಿಗೂ ಆ ಭಾಷೆ ಬಂದಿತ್ತು. ಮೊನ್ನೆ ಪುಸ್ತಕ ಅವಳ ಕೈಯಿಂದ ತೆಗೆದುಕೊಂಡು, “ಬಿಡು, ನಾನೇ ಓದ್ಕೋತೀನಿ” ಎಂದರು. ಓದಿದ್ದೇನು ಮಣ್ಣು! ಗಂಟೆ ಕಳೆದರೂ ಅದೇ ಪುಟ. ಇನ್ನು ತನ್ನ ಅಗತ್ಯವೇ ಇವರಿಗೆ ಇಲ್ಲ ಎಂದು ಅವಳಿಗೆ ಅವತ್ತು ಅನಿಸಿತು.

“ಇಷ್ಟು ವರ್ಷ ನೀನು ಹೇಳಿದ್ದೇ ಲೋಕ ಅಂತಿದ್ರು ಮೇಷ್ಟ್ರು,” ಪಕ್ಕದ ಮನೆಯ ಟೈಲರಮ್ಮ ಬೇಕೆಂದೇ ಕೆಣಕಿದಳು. “ಇನ್ಮೇಲೆ ನಾಲ್ಕು ಕಡೆ ಕಣ್ಣು ಹೋಗುತ್ತಪ್ಪ. ಸ್ವಲ್ಪ ಹುಷಾರು.”

“ಹೋಗ್ಲಿ ಬಿಡಕ್ಕ. ನನಗೇನು ಹೊಟ್ಟೆಕಿಚ್ಚಾ?” ಎಂದಳು ಇವಳು, ಹುಬ್ಬೇರಿಸಿ.

ಹೊಟ್ಟೆಕಿಚ್ಚೇ. ಅನ್ನ ಸೇರುತ್ತಿರಲಿಲ್ಲ. ಈ ಮನೆಯಲ್ಲಿ ಇಂದಿನವರೆಗೆ ರೂಪದ ಮಾತು ಬಂದದ್ದೇ ಇಲ್ಲ. ಈಗ ಪಾತ್ರೆ ತೊಳೆಯುವಾಗಲೂ ಅವಳಿಗೆ ಆ ಗುಳಿಕೆನ್ನೆ ನೆನಪಾಗುತ್ತಿತ್ತು.

ಅವತ್ತು ಸಂಜೆ ನಡುಮನೆಯಲ್ಲಿ ಪಾಠ ನಡೆದಿತ್ತು. ಕೆಲಸ ಮುಗಿಸಿ ಬರುವ ನಾಲ್ಕಾರು ಜನ ಹಳೆಯ ಶಿಷ್ಯರು. ಅವಳು ಚಹಾದ ತಟ್ಟೆ ಹಿಡಿದು ಪರದೆಯ ಹಿಂದೆ ನಿಂತಳು.

“ಸ್ಟ್ರೇಂಜ್ ಬೇರೆ, ಎಕ್ಸಾಟಿಕ್ ಬೇರೆ,” ಮೇಷ್ಟ್ರು ಹೇಳುತ್ತಿದ್ದರು. “ಗುರುತು ಪರಿಚಯ ಇಲ್ಲದ್ದೆಲ್ಲ ಸ್ಟ್ರೇಂಜ್. ಎಲ್ಲೋ ದೂರದೇಶದಿಂದ ಬಂದ ಹಾಗಿದ್ದು, ನೋಡಿದಷ್ಟೂ ಬೇಕು ಅನ್ನಿಸಿದ್ರೆ ಎಕ್ಸಾಟಿಕ್. ನೋಡಿ ನಗು ಬಂದ್ರೆ ಔಟ್‌ಲ್ಯಾಂಡಿಶ್, ನನ್ನ ಈ ಅಂಗಿ ಥರ.”

ಎಲ್ಲರೂ ನಕ್ಕರು. “ಸ್ಟ್ರೈಕಿಂಗ್ ಅಂದ್ರೆ ಸಾರ್?” ಕೇಳಿದ್ದು ಬ್ಯಾಂಕಿನ ಹುಡುಗಿ.

“ಎದುರಿಗೆ ಬಂದ್ರೆ ಆಡ್ತಿದ್ದ ಮಾತು ಅರ್ಧಕ್ಕೇ ನಿಂತುಬಿಡ್ಬೇಕು. ಅದು ಸ್ಟ್ರೈಕಿಂಗ್.”

“ಒಂದು ಉದಾಹರಣೆ ಕೊಡಿ.”

“ಒಬ್ಬ ಹೆಂಗಸಿದ್ದಾಳೆ,” ಎಂದರು ಮೇಷ್ಟ್ರು.

ಪರದೆಯ ಹಿಂದೆ ಲೋಟಗಳು ಸದ್ದು ಮಾಡಿದವು. ಅವಳು ತಟ್ಟೆಯನ್ನು ಎದೆಗೊತ್ತಿ ಹಿಡಿದಳು.

“ಮೊದಲ ದಿನ ಸ್ಟ್ರೇಂಜ್ ಅನ್ನಿಸ್ತು. ಹೆದರಿಕೇನೇ ಆಯ್ತು ಅನ್ನಿ. ಈಗ ಎಕ್ಸಾಟಿಕ್. ನಗುವಾಗ ಮೊದಲು ಮೂಗು ನಗುತ್ತೆ, ಆಮೇಲೆ ತುಟಿ. ಸುಳ್ಳು ಹೇಳಿದ್ರೆ ಎಡಹುಬ್ಬು ಮೇಲಕ್ಕೆ ಹೋಗುತ್ತೆ, ಪಾಪ, ಅದು ಅವಳಿಗೇ ಗೊತ್ತಿಲ್ಲ. ದಿನಾ ಕದ್ದು ಕದ್ದು ನೋಡ್ತೀನಿ. ಎಷ್ಟು ನೋಡಿದ್ರೂ ಸಾಕಾಗಲ್ಲ.”

ಮೂಗು, ತುಟಿ, ಹುಬ್ಬು! ಅಷ್ಟು ಹತ್ತಿರದಿಂದ! ದಿನಾ! ಇವತ್ತೇ ಇತ್ಯರ್ಥವಾಗಲಿ, ಇಲ್ಲದಿದ್ದರೆ ತಂಗಿಯ ಮನೆ ಇದ್ದೇ ಇದೆ ಎಂದುಕೊಂಡು ಅವಳು ಪರದೆ ಸರಿಸಿದಳು. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಚಹಾ ತುಳುಕಿತು.

“ಯಾರ್ರೀ ಅವಳು? ಆ ನರ್ಸಾ?”

ಮೇಷ್ಟ್ರ ಮಾತು ಅರ್ಧಕ್ಕೇ ನಿಂತಿತು. ಬ್ಯಾಂಕಿನ ಹುಡುಗಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು ತಲೆ ತಗ್ಗಿಸಿದಳು. ಮೇಷ್ಟ್ರು ಈ ಸಲ ಕಣ್ಣು ಮುಚ್ಚಲಿಲ್ಲ. ಹೆಂಡತಿಯನ್ನು ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದರು.

“ನೀನೇ ಕಣೇ. ಹತ್ತನೇ ವಯಸ್ಸಿಗೆ ಕಣ್ಣು ಕಳ್ಕೊಂಡವನು ನಾನು. ಹೊರಡೋ ದಿನ ಆಸ್ಪತ್ರೇಲಿ ಕಣ್ಣಿನ ಕಟ್ಟು ಬಿಚ್ಚಿದಾಗ ಎದುರಿಗೆ ಇಬ್ರು ಹೆಂಗಸರು ನಿಂತಿದ್ರಿ. ನೀನು ಮಾತಾಡೋ ತನಕ, ಅದ್ರಲ್ಲಿ ನನ್ನ ಹೆಂಡತಿ ಯಾರು ಅಂತ ನನಗೆ ಹೇಗೆ ಗೊತ್ತಾಗ್ಬೇಕಿತ್ತು?”