ಮೇಸ್ತ್ರಿಯ ಹೆಸರು

“ಹೇಳಮ್ಮಾ, ಹೆದರಬೇಡ. ನಿಮ್ಮ ಮೇಸ್ತ್ರಿ ಹೆಸರೇನು?”

ಜಯತೀರ್ಥ ಮತ್ತೆ ಕೇಳಿದ. ದಸ್ತಗಿರಮ್ಮ ಬಾಗಿಲ ಕಡೆ ನೋಡಿ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಬಾಗಿಲಾಚೆ ಬೀಡಿ ಹೊಗೆ ಕಾಣುತ್ತಿತ್ತು.

“ಹೇಳಂಗಿಲ್ರಿ,” ಅಂದಳು ಪಿಸುದನಿಯಲ್ಲಿ. “ಹೊರಗ ಕೇಳಿಸ್ತೈತಿ.”

ಹತ್ತಿ ಮಿಲ್ಲಿನ ಆ ಶೆಡ್ಡಿನ ಐದು ಹೆಂಗಸರಲ್ಲಿ ಇವಳೇ ಕೊನೆಯವಳು, ಎಲ್ಲರಿಗಿಂತ ಚಿಕ್ಕವಳು. ಹತ್ತಿ ಧೂಳಿಗೆ ಕೆಮ್ಮು ಬರುತ್ತದೆಯೇ, ಕುಡಿಯುವ ನೀರು ಸಿಗುತ್ತದೆಯೇ, ಎಲ್ಲಕ್ಕೂ ಐವರೂ ಪಟಪಟನೆ ಉತ್ತರ ಕೊಟ್ಟಿದ್ದರು. ಈ ಪ್ರಶ್ನೆ ಬಂದ ಕೂಡಲೇ ಐದು ಬಾಯಿಗೂ ಬೀಗ.

ಜಯತೀರ್ಥ ಮುಂಬಯಿಯ ಮ್ಯಾನೇಜ್‌ಮೆಂಟ್ ಕಾಲೇಜಿನ ವಿದ್ಯಾರ್ಥಿ. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಹೆಲೆನ್ ಇಂಗ್ಲೆಂಡಿನ ಬಿಸಿನೆಸ್ ಸ್ಕೂಲಿನವಳು. ಎರಡು ಕಾಲೇಜುಗಳೂ ಸೇರಿ, ವಿದ್ಯಾರ್ಥಿಗಳನ್ನು ಜೋಡಿ ಮಾಡಿ, ಸಣ್ಣ ಊರಿನ ಕಾರ್ಖಾನೆಗಳಿಗೆ ಸಲಹೆ ಕೊಡಲು ಅಟ್ಟಿದ್ದವು. ಅಜ್ಜನ ಊರು ಆಂಧ್ರದ ಗಡಿಯ ಆದೋನಿ, ಮನೆಮಾತು ಕನ್ನಡ ಎಂಬ ಒಂದೇ ಯೋಗ್ಯತೆಯ ಮೇಲೆ ಜಯತೀರ್ಥನಿಗೆ ಈ ಜಿನ್ನಿಂಗ್ ಮಿಲ್ಲು ಗಂಟುಬಿದ್ದಿತ್ತು. ಆದೋನಿಯನ್ನು ಅವನು ಕಂಡಿದ್ದು ಉಪನಯನಕ್ಕೆ ಬಂದಾಗ ಮಾತ್ರ.

ಮಿಲ್ಲಿನ ಯಜಮಾನರಿಗೆ ಬೇಕಿದ್ದದ್ದು ಇಷ್ಟೇ. ಬೇರೆ ಶೆಡ್ಡುಗಳಲ್ಲಿ ಕೂಲಿಯವರು ಇಂದು ಬಂದರೆ ನಾಳೆ ಇಲ್ಲ. ಹತ್ತಿಯಿಂದ ಕಸ ಆರಿಸುವ ಈ ಶೆಡ್ಡಿನ ಐವರು ಮಾತ್ರ ಎಂದೂ ತಪ್ಪಿಸಿದವರಲ್ಲ, ಜಗಳ ತೆಗೆದವರಲ್ಲ. ಅದರ ಗುಟ್ಟೇನು? ಕಂಡುಹಿಡಿದರೆ ಎಲ್ಲ ಕಡೆಗೂ ಅದನ್ನೇ ಹಚ್ಚಬಹುದು.

ಗುಟ್ಟು ಇಬ್ಬರಿಗೂ ಕಣ್ಣಿಗೆ ಹೊಡೆದಂತೆ ಕಂಡಿತು. ಶೆಡ್ಡಿಗೆ ಒಂದೇ ಬಾಗಿಲು. ಹತ್ತಿ ಕಳುವಾಗಬಾರದೆಂದು ಅದಕ್ಕೆ ಹೊರಗಿನಿಂದ ಚಿಲಕ. ಚಿಲಕದ ಪಕ್ಕ ಮೇಸ್ತ್ರಿ ಯರ್ರೆಪ್ಪ. ಅವನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು, ಸೆರಗು ಕಣ್ಣಿನ ತನಕ ಇಳಿಯುತ್ತಿತ್ತು. ಅವನು ಉಂಡು ಕೈತೊಳೆಯುವವರೆಗೆ ಒಬ್ಬಳೂ ಬುತ್ತಿ ಬಿಚ್ಚುತ್ತಿರಲಿಲ್ಲ.

“ಇದು ಶೆಡ್ಡಲ್ಲ, ಜೈಲು,” ಎಂದು ಹೆಲೆನ್ ಮೊದಲ ದಿನವೇ ಹೇಳಿದ್ದಳು.

ಜೀತ ನಿಷೇಧದ ಕಾನೂನು ಬಂದು ನಾಲ್ಕೈದು ವರ್ಷವಾಗಿತ್ತು. ಜಯತೀರ್ಥ ಅದನ್ನು ಪರೀಕ್ಷೆಗೆ ಓದಿದ್ದ. ಮೇಸ್ತ್ರಿಯ ಹೆಸರು ಅವನಿಗೆ ಗೊತ್ತಿದ್ದರೆ ಸಾಲದು; ಒಬ್ಬಳಾದರೂ ತನ್ನ ಬಾಯಿಂದಲೇ ಹೆಸರು ಹೇಳಿ ದೂರಿದರೆ ಸಾಕು, ಐವರೂ ಬಿಡುಗಡೆಯಾಗುತ್ತಾರೆ. ಆ ಒಂದು ಹೆಸರೇ ಹೊರಡುತ್ತಿರಲಿಲ್ಲ.

“ನಿಮ್ಮೂರು ಯಾವುದಮ್ಮಾ?” ಅವನು ಪ್ರಶ್ನೆ ಬದಲಿಸಿದ.

“ಆಸ್ಪರಿ.”

“ಹೋಗಿ ಎಷ್ಟು ದಿನ ಆಯಿತು?”

ದಸ್ತಗಿರಮ್ಮನ ಕಣ್ಣು ತುಂಬಿತು. “ಕಳಸವಲ್ರು. ಯುಗಾದಿಗೆ ನೋಡೋಣಂತಾರ. ಹ್ವಾದ ವರ್ಷನೂ ಹಂಗs ಅಂದ್ರು.”

ಹೆಲೆನ್‌ಗೆ ಅನುವಾದ ಬೇಕಾಗಲಿಲ್ಲ. ಅವಳು ಪೆನ್ನು ಕೆಳಗಿಟ್ಟಳು.

ಮಧ್ಯಾಹ್ನ ಯರ್ರೆಪ್ಪನನ್ನೇ ಕರೆಸಿದರು. ಅವನು ಟವೆಲ್ಲು ಕಂಕುಳಿಗಿಟ್ಟು ನಿಂತ. ಮುಖದಲ್ಲಿ ಅಳುಕೆಂಬುದಿಲ್ಲ. ಅದೇ ಜಯತೀರ್ಥನನ್ನು ಕೆರಳಿಸಿತು.

“ಈ ಹೆಂಗಸರನ್ನು ಎಲ್ಲಿಂದ ತಂದೆ?”

“ಒಬ್ಬಾಕಿ ಆಸ್ಪರಿ, ಒಬ್ಬಾಕಿ ಗೋನೆಗಂಡ್ಲ, ಹಿಂಗ ಒಂದೊಂದು ಊರಿಂದ. ನಾನs ಹೋಗಿ ಮಾತಾಡಿ ತಂದೀನ್ರಿ ಸ್ವಾಮೇರೆ.”

“ಅವರ ಅಪ್ಪಂದಿರಿಗೆ ಏನಾದರೂ ಕೊಟ್ಟಿದ್ದೀಯಾ?”

“ಕೊಡದ ಯಾರು ಕಳಸ್ತಾರ್ರಿ?” ಯರ್ರೆಪ್ಪ ನಕ್ಕ.

“ಇವರ ಕೂಲಿ?”

“ನನ್ನ ಕೈಗೇ ಬರತೈತಿ. ಹೊಟ್ಟಿ ಬಟ್ಟಿ ಎಲ್ಲಾ ನಂದs.”

“ಬಿಟ್ಟುಹೋಗುತ್ತೇನೆ ಅಂದರೆ?”

“ಬಿಟ್ಟು ಎಲ್ಲಿಗೆ ಹೋಗ್ತಾರ? ಸಾಯೋತನಕ ನಮ್ಮ ಮನ್ಯಾಗs ಇರಬೇಕು.”

ಜಯತೀರ್ಥ ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸಿದ. ತಿರುಗಿಸುವಾಗ ಅವನಿಗೆ ನಾಚಿಕೆಯಾಯಿತು, ಇದು ತನ್ನ ಅಜ್ಜನ ಊರಲ್ಲವೇ ಎಂದು. ಹೆಲೆನ್ ಎದ್ದು ನೆಟ್ಟಗೆ ಯಜಮಾನರ ಕೋಣೆಗೆ ನಡೆದಳು.

ಯಜಮಾನರಿಗೆ ಗೊತ್ತಿದ್ದದ್ದು ಮೇಸ್ತ್ರಿಗಳು ಮಾತ್ರ. ಮೇಸ್ತ್ರಿಗಳು ಯಾರನ್ನು ಕರೆತರುತ್ತಾರೆ ಎಂದು ಅವರು ತಲೆ ಕೆಡಿಸಿಕೊಂಡವರಲ್ಲ. ಕಲೆಕ್ಟರರ ಹತ್ತಿರ ಹೋಗುತ್ತೇವೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರು ಬೆವರಿದರು. ಫಾರಿನ್ನಿನ ಹುಡುಗಿ ಬೇರೆ. ಯರ್ರೆಪ್ಪನನ್ನು ಕೂಗಿದರು.

“ನಾಳಿಂದ ಬರಬ್ಯಾಡ.”

“ಯಾಕ್ರಿ ಧಣಿ? ನಂದೇನು ತಪ್ಪು?”

“ಅದೆಲ್ಲಾ ಬ್ಯಾಡ. ನಿನಗೋಸ್ಕರ ನಾ ಕೋರ್ಟು ಹತ್ತಲೇನು? ನಡಿ.”

ಯರ್ರೆಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಂಗಳಕ್ಕಿಳಿದ.

ಶೆಡ್ಡಿನ ಚಿಲಕವನ್ನು ಹೆಲೆನ್ ತಾನೇ ತೆಗೆದಳು. ಹತ್ತಿಯ ರಾಶಿಯ ನಡುವೆ ಐವರೂ ತಲೆಯೆತ್ತಿದರು. ಅಂಗಳದ ಬಿಸಿಲು ಒಳಗೆ ಬಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ಜಯತೀರ್ಥ ಒಂದು ಒಳ್ಳೆಯ ಕೆಲಸ ಮಾಡಿದ್ದ.

“ಅಮ್ಮಾ, ಇನ್ನು ಹೆದರಬೇಡಿ. ಮೇಸ್ತ್ರಿಯನ್ನು ಕೆಲಸದಿಂದ ತೆಗೆದಿದ್ದಾರೆ. ಅವನ ಜೊತೆ ನೀವು ಹೋಗಬೇಕಾಗಿಲ್ಲ. ನಿಮಗೆಲ್ಲಿ ಬೇಕೋ ಅಲ್ಲಿಗೆ ಹೋಗಬಹುದು.”

ಯಾರೂ ನಗಲಿಲ್ಲ. ದಸ್ತಗಿರಮ್ಮ ಮಾತ್ರ ಸೆರಗು ಸರಿಸಿದಳು.

“ಆಸ್ಪರಿಗೂ?”

“ಆಸ್ಪರಿಗೂ.”

ಅವಳ ಮುಖ ಅರಳಿತು. ಅಷ್ಟರಲ್ಲಿ ಎಲ್ಲರಿಗಿಂತ ಹಿರಿಯಳಾದ ಗಾದಿಲಿಂಗಮ್ಮ ಮಡಿಲಿನ ಹತ್ತಿ ಕೊಡವಿ ಎದ್ದು ಬಾಗಿಲಿಗೆ ಬಂದಳು. ಗೇಟು ದಾಟುತ್ತಿದ್ದ ಯರ್ರೆಪ್ಪನ ಬೆನ್ನು ನೋಡಿದಳು. ನಂತರ ಜಯತೀರ್ಥನ ಕಡೆ ತಿರುಗಿದಳು.

“ನನ್ನ ಗಂಡನ ಅನ್ನ ಕಳಿಯಾಕ ಅಷ್ಟು ದೂರದಿಂದ ಬಂದ್ರೇನಪ್ಪಾ?” ಅಂದಳು. ಆಮೇಲೆ ನಾಲ್ವರಿಗೂ ಕೇಳುವಂತೆ ಕೂಗಿದಳು:

“ಏಳ್ರೇ, ಬುತ್ತಿ ಕಟ್ಟ್ರಿ. ನಿಮ್ಮ ಮಾವ ಮನಿಗೆ ಹೊಂಟಾರ.”