ನಿರ್ದೇಶಕರು ಕಂಡ ದಿಬ್ಬ

ಹವಳದ ಬಂಡೆಗಳ ಸುತ್ತ ಮುಳುಗಿ ಮುಳುಗಿ, ಕಡಲತಳದಲ್ಲಿ ಎಲ್ಲಿ ಮರಳು, ಎಲ್ಲಿ ಕಲ್ಲು, ಎಲ್ಲಿ ದಿಬ್ಬ ಎಂದು ಸುಗಂಧಿ ಕೈಯಾರೆ ಬರೆದ ಎರಡು ನಕ್ಷೆಗಳೂ ಅವಳ ಸಂಸ್ಥೆಯ ನಿರ್ದೇಶಕರ ಹೆಸರಿನಲ್ಲೇ ಹೊರಬಂದಿದ್ದವು. ಮೂರನೆಯದನ್ನು ಅವಳು ಹಲ್ಲು ಕಚ್ಚಿಕೊಂಡು ತಾನಾಗಿಯೇ ಅವರ ಕೈಗೆ ಕೊಟ್ಟಳು.

ಅದರ ಬಿಡುಗಡೆಯ ಸಭೆಯಲ್ಲಿ ಪತ್ರಕರ್ತನೊಬ್ಬ ಕೇಳಿದ: "ಈ ಹೊಸ ಹವಳದ ದಿಬ್ಬ ನೀವೇ ಕಂಡದ್ದಾ ಸರ್?"

"ಮತ್ತೆ? ನಾನೇ ಮುಳುಗಿ ಕೈಯಲ್ಲಿ ಮುಟ್ಟಿ ಬಂದದ್ದು ಮಾರಾಯ್ರೆ! ಅದಕ್ಕೇ ನನ್ನ ಹೆಸರಿಟ್ಟದ್ದು," ಎಂದರು ನಿರ್ದೇಶಕರು.

ಸುಗಂಧಿ ವೇದಿಕೆ ಹತ್ತಿ ಎಡಗಾಲ ಚಪ್ಪಲಿ ಕಳಚಿದಳು.

"ಏ, ಏ, ಹಿಡೀರಿ ಅವಳನ್ನು!" ನಿರ್ದೇಶಕರು ಮೈಕು ಬಿಟ್ಟು ಹಿಂದೆ ಸರಿದರು.

ಅವಳು ಅವರತ್ತ ತಿರುಗಿಯೂ ನೋಡದೆ, ಗೋಡೆಗೆ ತೂಗುಹಾಕಿದ್ದ ನಕ್ಷೆಯ ಆ ದಿಬ್ಬದ ಮೇಲೆ ಚಪ್ಪಲಿಯನ್ನು ಒತ್ತಿ ಹಿಡಿದಳು. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಚಪ್ಪಲಿಯ ಅಂಚಿಗೆ ದಿಬ್ಬದ ಅಂಚು ಸರಿಯಾಗಿ ಕೂಡಿತು.